ಬಡವರ ವಸತಿ ಮತ್ತು ಹಣಕಾಸು ಶಿಕ್ಷಣಕ್ಕೆ ಅನುದಾನ: ಉದ್ದಿಮೆಗಳೂ ಸೇವಾ ಸಂಸ್ಥೆಗಳೂ ಅರಿಯಬೇಕಾದ ಲೆಕ್ಕಾಚಾರ

ಕಡಿಮೆ ಆದಾಯದ ಕುಟುಂಬವೊಂದಕ್ಕೆ ಸ್ವಂತ ಮನೆ ದೊರಕಿಸಿಕೊಡುವುದು ಒಂದು ಕೆಲಸ. ಆ ಮನೆಯು ಅದೇ ಕುಟುಂಬದ ಕೈಯಲ್ಲಿ ಹತ್ತು ವರ್ಷಗಳ ನಂತರವೂ ಉಳಿಯುವಂತೆ ನೋಡಿಕೊಳ್ಳುವುದು ಮತ್ತೊಂದು ಕೆಲಸ. ಮೊದಲನೆಯದಕ್ಕೆ ಇಟ್ಟಿಗೆ, ಸಿಮೆಂಟು, ಕಬ್ಬಿಣ ಬೇಕು. ಎರಡನೆಯದಕ್ಕೆ ಆದಾಯ, ವೆಚ್ಚ, ಸಾಲ, ಬಡ್ಡಿ ಇವುಗಳ ಅರಿವು ಬೇಕು. ಅನುದಾನ ನೀಡುವ ಕಂಪೆನಿಗಳು ಮೊದಲನೆಯದಕ್ಕೆ ಸುಲಭವಾಗಿ ಒಪ್ಪುತ್ತವೆ, ಏಕೆಂದರೆ ಮನೆ ಕಣ್ಣಿಗೆ ಕಾಣುತ್ತದೆ. ಎರಡನೆಯದನ್ನು ಆಡಳಿತ ವೆಚ್ಚವೆಂದು ಭಾವಿಸಿ ಅಂದಾಜಿನಿಂದ ಹೊಡೆದುಹಾಕುವ ಪ್ರವೃತ್ತಿ ವ್ಯಾಪಕವಾಗಿದೆ. ಈ ಎರಡೂ ಕೆಲಸಗಳನ್ನು ಒಟ್ಟಿಗೆ ನಡೆಸುವ ಲಾಭೋದ್ದೇಶವಿಲ್ಲದ ಸಂಸ್ಥೆಗೆ ಅನುದಾನ ನೀಡುವಾಗ ಮತ್ತು ಪಡೆಯುವಾಗ ಗಮನಿಸಬೇಕಾದ ಕಾನೂನು, ಲೆಕ್ಕಪತ್ರ ಹಾಗೂ ವ್ಯವಹಾರದ ಅಂಶಗಳನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಹಿನ್ನೆಲೆ

ವಸತಿ ಮತ್ತು ಹಣಕಾಸು ತಿಳಿವಳಿಕೆಯನ್ನು ಜೋಡಿಸುವ ಪದ್ಧತಿ ಹೊಸದಲ್ಲ. ಅಮೆರಿಕದಲ್ಲಿ 1968ರ ವಸತಿ ಮತ್ತು ನಗರಾಭಿವೃದ್ಧಿ ಕಾಯಿದೆಯು ಮನೆ ಕೊಳ್ಳುವವರಿಗೆ ಸಲಹೆ ನೀಡುವ ವ್ಯವಸ್ಥೆಗೆ ದಾರಿ ಮಾಡಿತು. 1977ರ ಸಮುದಾಯ ಮರುಹೂಡಿಕೆ ಕಾಯಿದೆಯು ಬ್ಯಾಂಕುಗಳು ತಾವು ಠೇವಣಿ ಸಂಗ್ರಹಿಸುವ ಪ್ರದೇಶದ ಕಡಿಮೆ ಆದಾಯದವರ ಅಗತ್ಯಗಳನ್ನೂ ಪೂರೈಸುವಂತೆ ಉತ್ತೇಜಿಸಿತು. ಅಲ್ಲಿನ ಬ್ಯಾಂಕುಗಳು ವಸತಿ ಸಂಸ್ಥೆಗಳಿಗೆ ಅನುದಾನ ನೀಡುವುದರ ಹಿಂದೆ ಈ ಕಾಯಿದೆಯ ಒತ್ತಾಸೆಯಿದೆ. 1989ರ ಕಾಯಿದೆಯೊಂದು ಅಲ್ಲಿನ ಫೆಡರಲ್ ಹೋಮ್ ಲೋನ್ ಬ್ಯಾಂಕುಗಳು ತಮ್ಮ ಗಳಿಕೆಯ ಶೇಕಡಾ 10ರಷ್ಟು ಭಾಗವನ್ನು ಕೈಗೆಟಕುವ ವಸತಿಗೆ ಮೀಸಲಿಡುವ ವ್ಯವಸ್ಥೆಯನ್ನು ತಂದಿತು.

ನೆರೆಯ ಬಾಂಗ್ಲಾದೇಶದಲ್ಲಿ ಗ್ರಾಮೀಣ ಬ್ಯಾಂಕು 1984ರಲ್ಲಿ ಬಡವರಿಗೆ ಮನೆ ಸಾಲ ನೀಡಲಾರಂಭಿಸಿ, ಆ ಕಾರ್ಯಕ್ಕಾಗಿ 1989ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಪಡೆಯಿತು. ಅಹಮದಾಬಾದಿನಲ್ಲಿ ಸೇವಾ ಸಂಘಟನೆಯ ಬಳಗದಿಂದ 1994ರಲ್ಲಿ ಮಹಿಳಾ ಹೌಸಿಂಗ್ ಟ್ರಸ್ಟ್ ರೂಪುಗೊಂಡಿತು. ಕರ್ನಾಟಕದಲ್ಲಿ 2009ರ ಉತ್ತರ ಕರ್ನಾಟಕದ ಪ್ರವಾಹದ ನಂತರ ಸರ್ಕಾರದ ‘ಆಸರೆ’ ಯೋಜನೆಯಡಿ ಉದ್ದಿಮೆಗಳೂ ದಾನಿ ಸಂಸ್ಥೆಗಳೂ ಮನೆಗಳ ನಿರ್ಮಾಣದಲ್ಲಿ ಕೈಜೋಡಿಸಿದವು. ಆಗ ಸಾಮಾಜಿಕ ಹೊಣೆಗಾರಿಕೆ ಕಾನೂನಿನ ಕಟ್ಟಳೆಯಾಗಿರಲಿಲ್ಲ. ಇಂದು ಅದು ಕಟ್ಟಳೆ. ಆದುದರಿಂದ ಲೆಕ್ಕವೂ ಅಷ್ಟೇ ಬಿಗಿಯಾಗಿರಬೇಕಾಗುತ್ತದೆ.

ಕಂಪೆನಿ ಕಾಯಿದೆಯ ಚೌಕಟ್ಟು

2013ರ ಕಂಪೆನಿ ಕಾಯಿದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಜಾರಿಗೆ ಬಂದಾಗ ಇದ್ದ ಮಿತಿಯಂತೆ 500 ಕೋಟಿ ರೂಪಾಯಿ ನಿವ್ವಳ ಸಂಪತ್ತು, ಅಥವಾ 1,000 ಕೋಟಿ ರೂಪಾಯಿ ವಹಿವಾಟು, ಅಥವಾ 5 ಕೋಟಿ ರೂಪಾಯಿ ನಿವ್ವಳ ಲಾಭವುಳ್ಳ ಕಂಪೆನಿಗಳು ಇದರ ವ್ಯಾಪ್ತಿಗೆ ಬಂದವು. ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ನ್ನು ಏಳನೆಯ ಅನುಸೂಚಿಯ ಚಟುವಟಿಕೆಗಳಿಗೆ ವೆಚ್ಚ ಮಾಡಬೇಕು.

ಏಳನೆಯ ಅನುಸೂಚಿಯಲ್ಲಿ ‘ವಸತಿ’ ಎಂಬ ಪ್ರತ್ಯೇಕ ಬಾಬ್ತು ಇಲ್ಲ. ಬಡತನ ನಿರ್ಮೂಲನೆ, ಸಾಮಾಜಿಕವಾಗಿ ಮತ್ತು ಆರ್ಥಿಕವಾಗಿ ಹಿಂದುಳಿದವರ ಅಸಮಾನತೆ ತಗ್ಗಿಸುವುದು, ಗ್ರಾಮೀಣಾಭಿವೃದ್ಧಿ, ಕೊಳೆಗೇರಿ ಪ್ರದೇಶಾಭಿವೃದ್ಧಿ, ವಿಪತ್ತಿನ ನಂತರದ ಪುನರ್ವಸತಿ ಇವು ಇವೆ. ಅನುಸೂಚಿಯನ್ನು ಉದಾರವಾಗಿ ಅರ್ಥೈಸಬೇಕೆಂದು ಕಂಪೆನಿ ವ್ಯವಹಾರಗಳ ಮಂತ್ರಾಲಯವು 2014ರ ಜೂನ್ 18ರ ಸುತ್ತೋಲೆಯಲ್ಲಿ ತಿಳಿಸಿದೆ. ಹಣಕಾಸು ಶಿಕ್ಷಣವು ಶಿಕ್ಷಣ ಮತ್ತು ಜೀವನೋಪಾಯ ವೃದ್ಧಿಯ ಬಾಬ್ತಿನಡಿ ಬರಬಹುದು. ಕಂಪೆನಿಯ ಸಿ.ಎಸ್.ಆರ್. ಸಮಿತಿಯ ನಿರ್ಣಯದಲ್ಲಿ ಯಾವ ಭಾಗ ಯಾವ ಬಾಬ್ತಿಗೆ ಸೇರುತ್ತದೆ ಎಂಬುದನ್ನು ಬಿಡಿಸಿ ಬರೆಯುವುದು ಲೇಸು.

ಈ ವಿಷಯದಲ್ಲಿ ಪದೇ ಪದೇ ತಪ್ಪಾಗುವ ಐದು ಅಂಶಗಳಿವೆ.

1. ಸಂಸ್ಥೆಯ ಅರ್ಹತೆ. 2021ರ ಏಪ್ರಿಲ್ 1ರಿಂದ ಅನುಷ್ಠಾನ ಸಂಸ್ಥೆಯು ಸಿ.ಎಸ್.ಆರ್.-1 ನಮೂನೆಯಲ್ಲಿ ನೋಂದಣಿ ಸಂಖ್ಯೆ ಪಡೆದಿರಬೇಕು. ಆದಾಯ ತೆರಿಗೆ ಕಾನೂನಿನಡಿ ದತ್ತಿ ಸಂಸ್ಥೆಯಾಗಿ ನೋಂದಣಿ ಮತ್ತು ದಾನಿಗಳ ರಿಯಾಯಿತಿಗೆ ಅನುಮೋದನೆ ಎರಡೂ ಇರಬೇಕು. ಕಂಪೆನಿ ತಾನೇ ಸ್ಥಾಪಿಸಿದ ಸಂಸ್ಥೆಯಲ್ಲವಾದರೆ ಅಂತಹದೇ ಕಾರ್ಯದಲ್ಲಿ ಮೂರು ವರ್ಷಗಳ ಅನುಭವವೂ ಬೇಕು. 12ಎ, 80ಜಿ ಎಂದು ಪರಿಚಿತವಾದ ಅನುಮೋದನೆಗಳು 1961ರ ಕಾಯಿದೆಯವು. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ 2025ರ ಆದಾಯ ತೆರಿಗೆ ಕಾಯಿದೆಯು ಅದರ ಸ್ಥಾನ ಪಡೆದಿರುವುದರಿಂದ ಒಪ್ಪಂದಗಳಲ್ಲಿ ಹೊಸ ಕಾಯಿದೆಯ ಉಲ್ಲೇಖವನ್ನೂ ಸೇರಿಸಬೇಕು.

2. ಕೊಟ್ಟ ಹಣ ವೆಚ್ಚವಾದ ಹಣವಲ್ಲ. ಕಂಪೆನಿಯು ಮಾರ್ಚ್ ತಿಂಗಳಲ್ಲಿ ಸಂಸ್ಥೆಗೆ ಚೆಕ್ಕು ನೀಡಿದ ಮಾತ್ರಕ್ಕೆ ಕಟ್ಟಳೆ ಪೂರೈಸಿದಂತಾಗುವುದಿಲ್ಲ. ಸಂಸ್ಥೆಯು ಅದನ್ನು ಬಳಸಿದಾಗಲೇ ಅದು ವೆಚ್ಚ. ಬಹುವಾರ್ಷಿಕ ಯೋಜನೆಯಾದರೆ ಉಳಿಕೆಯನ್ನು ಆರ್ಥಿಕ ವರ್ಷ ಮುಗಿದ 30 ದಿನಗಳೊಳಗೆ ಪ್ರತ್ಯೇಕ ‘ಬಳಕೆಯಾಗದ ಸಿ.ಎಸ್.ಆರ್. ಖಾತೆ’ಗೆ ವರ್ಗಾಯಿಸಿ ಮೂರು ವರ್ಷಗಳೊಳಗೆ ವೆಚ್ಚ ಮಾಡಬೇಕು. ಬಹುವಾರ್ಷಿಕ ಯೋಜನೆಯಲ್ಲದಿದ್ದರೆ ಉಳಿಕೆಯು ಆರು ತಿಂಗಳೊಳಗೆ ಅನುಸೂಚಿಯಲ್ಲಿ ಹೇಳಿದ ನಿಧಿಗೆ ಹೋಗುತ್ತದೆ. ಮನೆ ನಿರ್ಮಾಣವು ಮಳೆಗಾಲ, ಪರವಾನಗಿ, ಸಾಲ ಮಂಜೂರಾತಿ ಇವುಗಳ ನಡುವೆ ಸಾಗುವ ಕಾರ್ಯವಾದ್ದರಿಂದ ಅದನ್ನು ಆರಂಭದಲ್ಲಿಯೇ ಬಹುವಾರ್ಷಿಕ ಯೋಜನೆಯೆಂದು ಮಂಡಳಿಯು ನಿರ್ಣಯಿಸಬೇಕು. ಹಾಗೆ ಮಾಡದೆ, ವರ್ಷಾಂತ್ಯದಲ್ಲಿ ಅರ್ಧ ಕಟ್ಟಿದ ಮನೆಗಳ ಹಣವು ಬೇರೆ ನಿಧಿಗೆ ಹರಿದುಹೋಗುವುದು ಯಾರಿಗೂ ಹಿತವಲ್ಲ.

3. ಮೂಲನಿಧಿ ಕೊಡುಗೆ. ಸಂಸ್ಥೆಯ ಮೂಲನಿಧಿಗೆ ನೀಡಿದ ಮೊತ್ತವನ್ನು 2021ರ ಜನವರಿ 22ರಿಂದ ಸಿ.ಎಸ್.ಆರ್. ವೆಚ್ಚವೆಂದು ಒಪ್ಪುವುದಿಲ್ಲ. ಮನೆ ಸಾಲಕ್ಕಾಗಿ ಆವರ್ತ ನಿಧಿ ಸ್ಥಾಪಿಸಬೇಕೆಂಬ ಸಂಸ್ಥೆಗಳು ಅದಕ್ಕೆ ಬೇರೆ ದಾನಿಗಳನ್ನು ಹುಡುಕಬೇಕು. ಇದಲ್ಲದೆ, ಸಂಸ್ಥೆಯು ತಾನೇ ಬಡ್ಡಿಗೆ ಸಾಲ ಕೊಡಲು ಹೊರಟರೆ ಲೇವಾದೇವಿ ಕಾಯಿದೆ, ರಿಸರ್ವ್ ಬ್ಯಾಂಕಿನ ನಿಯಮ, ದತ್ತಿ ಸಂಸ್ಥೆಯ ವ್ಯಾಪಾರದ ಮೇಲಿನ ತೆರಿಗೆ ನಿರ್ಬಂಧ ಈ ಮೂರೂ ಎದುರಾಗುತ್ತವೆ. ಸಾಲವನ್ನು ಬ್ಯಾಂಕಿಗೆ ಅಥವಾ ವಸತಿ ಹಣಕಾಸು ಸಂಸ್ಥೆಗೆ ಬಿಟ್ಟು, ಅನುದಾನವನ್ನು ಅಂತರ ತುಂಬಲು ಬಳಸುವುದು ಸುರಕ್ಷಿತ ಮಾರ್ಗ.

4. ಆಸ್ತಿಯ ಒಡೆತನ. 2021ರ ತಿದ್ದುಪಡಿಯಂತೆ ಸಿ.ಎಸ್.ಆರ್. ಹಣದಿಂದ ಸೃಷ್ಟಿಯಾದ ಬಂಡವಾಳ ಆಸ್ತಿಯನ್ನು ಕಂಪೆನಿಯು ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದು ನೋಂದಾಯಿತ ದತ್ತಿ ಸಂಸ್ಥೆಯ, ಸಾರ್ವಜನಿಕ ಪ್ರಾಧಿಕಾರದ, ಅಥವಾ ಸ್ವಸಹಾಯ ಗುಂಪು, ಸಮೂಹ, ಸಂಘಟನೆಗಳ ರೂಪದಲ್ಲಿರುವ ಫಲಾನುಭವಿಗಳ ಒಡೆತನದಲ್ಲಿರಬೇಕು. ನಿಯಮದ ಈ ಮಾತಿನಲ್ಲಿ ಒಬ್ಬೊಬ್ಬ ಫಲಾನುಭವಿಯ ಪ್ರಸ್ತಾಪವಿಲ್ಲ. ವೈಯಕ್ತಿಕ ಮನೆಗಳ ಯೋಜನೆಯಲ್ಲಿ ಇದು ಸೂಕ್ಷ್ಮ ವಿಷಯ. ಫಲಾನುಭವಿಗಳನ್ನು ಸಹಕಾರಿ ಅಥವಾ ಗುಂಪಿನ ರೂಪದಲ್ಲಿ ಸಂಘಟಿಸುವುದೇ, ಸರ್ಕಾರಿ ವಸತಿ ಸಂಸ್ಥೆಯ ಮೂಲಕ ನಿರ್ಮಿಸುವುದೇ ಎಂಬುದನ್ನು ಒಪ್ಪಂದಕ್ಕೆ ಸಹಿ ಬೀಳುವ ಮುನ್ನವೇ ಕಾನೂನು ಸಲಹೆ ಪಡೆದು ನಿರ್ಧರಿಸಬೇಕು.

5. ಸ್ವಂತ ವ್ಯಾಪಾರದ ಬೆರಕೆ. ಕಂಪೆನಿಯ ಎಂದಿನ ವ್ಯಾಪಾರದ ಭಾಗವಾದ ಕಾರ್ಯ, ಮಾರಾಟದ ಪ್ರಚಾರಕ್ಕಾಗಿ ನೀಡಿದ ಪ್ರಾಯೋಜಕತ್ವ, ನೌಕರರಿಗಾಗಿಯೇ ನಡೆಸಿದ ಚಟುವಟಿಕೆ ಇವು ಸಿ.ಎಸ್.ಆರ್. ಆಗುವುದಿಲ್ಲ. ಸಾಲ ನೀಡುವ ಕಂಪೆನಿಯೊಂದು ಹಣಕಾಸು ಶಿಕ್ಷಣದ ತರಗತಿಯಲ್ಲಿ ತನ್ನದೇ ಸಾಲದ ಅರ್ಜಿ ಹಂಚಿದರೆ ಅದು ಶಿಕ್ಷಣವಲ್ಲ, ವ್ಯಾಪಾರ.

ವಿದೇಶದಲ್ಲಿ ನೆಲೆಸಿರುವ ಕನ್ನಡಿಗರಿಂದ ಹಣ ಪಡೆಯುವ ಸಂಸ್ಥೆಗಳು ಇನ್ನೊಂದು ಎಚ್ಚರ ವಹಿಸಬೇಕು. ಭಾರತೀಯ ಪೌರತ್ವ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣ ವಿದೇಶಿ ವಂತಿಗೆಯಲ್ಲ. ವಿದೇಶಿ ಪೌರತ್ವ ಪಡೆದವರು ಕೊಟ್ಟದ್ದು, ಅವರು ಭಾರತೀಯ ಮೂಲದವರೇ ಆಗಿದ್ದರೂ, ವಿದೇಶಿ ವಂತಿಗೆ. ಅದಕ್ಕೆ 2010ರ ವಿದೇಶಿ ವಂತಿಗೆ ಕಾಯಿದೆಯ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯು ಅಂತಹ ಹಣವನ್ನು ಇತರ ಸಂಸ್ಥೆಗಳಿಗೆ ಹಂಚುವುದನ್ನು ನಿಷೇಧಿಸಿ, ಆಡಳಿತ ವೆಚ್ಚದ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿತು.

ಒಂದು ಮನೆಯ ಲೆಕ್ಕ

ವಿಷಯ ಸ್ಪಷ್ಟವಾಗಲು ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಸ್ವಂತ ನಿವೇಶನವುಳ್ಳ 40 ಕುಟುಂಬಗಳು. ಪ್ರತಿ ಕುಟುಂಬದ ತಿಂಗಳ ಆದಾಯ 15,000 ರೂಪಾಯಿ. ಮನೆಯ ವೆಚ್ಚ ಗುತ್ತಿಗೆಯ ಮೇಲಿನ ಜಿ.ಎಸ್.ಟಿ. ಸೇರಿ 8,00,000 ರೂಪಾಯಿ. 2024ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ಅರ್ಹ ಕುಟುಂಬಗಳಿಗೆ ಮನೆಯೊಂದಕ್ಕೆ 2.50 ಲಕ್ಷ ರೂಪಾಯಿವರೆಗಿನ ಸರ್ಕಾರಿ ನೆರವು ನಿಗದಿಯಾಗಿದೆ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗಿನ ಆದಾಯದವರು ಆರ್ಥಿಕವಾಗಿ ದುರ್ಬಲ ವರ್ಗವೆಂದು ಪರಿಗಣಿತರಾಗುತ್ತಾರೆ.

ಸರ್ಕಾರದ ನೆರವು: 2,50,000
ಕುಟುಂಬದ ಉಳಿತಾಯ: 80,000
ಬ್ಯಾಂಕು ಸಾಲ: 3,00,000
ಅನುದಾನ: 1,70,000
ಒಟ್ಟು: 8,00,000

ಶೇಕಡಾ 10ರ ಬಡ್ಡಿಯಲ್ಲಿ 10 ವರ್ಷಗಳ ಅವಧಿಗೆ 3 ಲಕ್ಷ ರೂಪಾಯಿ ಸಾಲದ ಮಾಸಿಕ ಕಂತು 3,965 ರೂಪಾಯಿ, ಅಂದರೆ ಆದಾಯದ ಶೇಕಡಾ 26. ಅನುದಾನವಿಲ್ಲದೆ 4.70 ಲಕ್ಷ ರೂಪಾಯಿ ಸಾಲ ಪಡೆದರೆ ಕಂತು 6,211 ರೂಪಾಯಿ, ಅಂದರೆ ಆದಾಯದ ಶೇಕಡಾ 41. ಬಾಡಿಗೆ ಉಳಿದರೂ ಈ ಹೊರೆಯನ್ನು ಹೊರುವುದು ಕಷ್ಟ. ಅನುದಾನದ ನಿಜವಾದ ಕೆಲಸ ಈ 26 ಮತ್ತು 41ರ ನಡುವೆ ಇದೆ. ದಾನಿಗೆ ಸಲ್ಲಿಸುವ ಪ್ರಸ್ತಾವನೆಯಲ್ಲಿ ‘40 ಮನೆ’ ಎಂದಷ್ಟೇ ಬರೆಯದೆ ಈ ಲೆಕ್ಕವನ್ನು ತೋರಿಸಿದರೆ ಅನುದಾನದ ಮೊತ್ತ ಎಲ್ಲಿಂದ ಬಂದಿತೆಂಬುದು ತಾನಾಗಿ ತಿಳಿಯುತ್ತದೆ.

40 ಮನೆಗಳಿಗೆ ಅನುದಾನ 68 ಲಕ್ಷ ರೂಪಾಯಿ. ಹಣಕಾಸು ಶಿಕ್ಷಕರೊಬ್ಬರ ವೇತನ ತಿಂಗಳಿಗೆ 20,000 ರೂಪಾಯಿಯಂತೆ 24 ತಿಂಗಳಿಗೆ 4,80,000, ಪ್ರಯಾಣ ಮತ್ತು ಪಠ್ಯ ಸಾಮಗ್ರಿ 72,000, ಹಕ್ಕುಪತ್ರ ಹಾಗೂ ಖಾತಾ ದಾಖಲೆಗಳ ನೆರವು 48,000, ಒಟ್ಟು 6 ಲಕ್ಷ ರೂಪಾಯಿ. ಎಂಜಿನಿಯರರ ಮೇಲ್ವಿಚಾರಣೆ, ಲೆಕ್ಕಪತ್ರ ಮತ್ತು ಲೆಕ್ಕಪರಿಶೋಧನೆಗೆ 3 ಲಕ್ಷ ರೂಪಾಯಿ. ಯೋಜನೆಯ ಒಟ್ಟು ಅನುದಾನ 77 ಲಕ್ಷ ರೂಪಾಯಿ.

ದಾನಿ ಕಂಪೆನಿಯು ಈ ಪಟ್ಟಿಯಲ್ಲಿ ಮೊದಲು ಕೈಯಿಡುವುದು ಶಿಕ್ಷಣದ 6 ಲಕ್ಷದ ಮೇಲೆ. ‘ಆಡಳಿತ ವೆಚ್ಚ ಶೇಕಡಾ 5 ಮೀರಬಾರದು’ ಎಂಬ ನಿಯಮವನ್ನು ಅದಕ್ಕೆ ಕಾರಣವಾಗಿ ಹೇಳಲಾಗುತ್ತದೆ. ಇದು ತಪ್ಪು ಗ್ರಹಿಕೆ. ಶೇಕಡಾ 5ರ ಮಿತಿಯು ಕಂಪೆನಿಯು ತನ್ನ ಸಿ.ಎಸ್.ಆರ್. ವಿಭಾಗದ ಸಾಮಾನ್ಯ ನಿರ್ವಹಣೆಗೆ ಮಾಡುವ ವೆಚ್ಚಕ್ಕೆ ಸಂಬಂಧಿಸಿದ್ದು. ಯೋಜನೆಯ ರೂಪಣೆ, ಅನುಷ್ಠಾನ, ಮೇಲ್ವಿಚಾರಣೆ, ಮೌಲ್ಯಮಾಪನಕ್ಕೆ ನೇರವಾಗಿ ತಗಲುವ ವೆಚ್ಚವು ಆ ವ್ಯಾಖ್ಯೆಯಿಂದ ಹೊರಗಿದೆ. ಹಣಕಾಸು ಶಿಕ್ಷಕರ ವೇತನವು ಯೋಜನೆಯ ವೆಚ್ಚವೇ. ಕುಟುಂಬವೊಂದಕ್ಕೆ ಅದು 15,000 ರೂಪಾಯಿ, ಎಂದರೆ ಬ್ಯಾಂಕಿನ ನಾಲ್ಕು ಕಂತುಗಳಿಗಿಂತ ಕಡಿಮೆ.

ಮನೆ ಲಿಂಟಲ್ ಮಟ್ಟದಲ್ಲಿ ನಿಲ್ಲುವುದೇಕೆ?

ಒಟ್ಟು ಮೊತ್ತ ಸರಿಯಾಗಿದ್ದರೂ ಹಣ ಬರುವ ಕಾಲ ತಪ್ಪಿದರೆ ಕೆಲಸ ನಿಲ್ಲುತ್ತದೆ. ಸರ್ಕಾರದ ನೆರವು ಹಂತ ಹಂತವಾಗಿ, ಕಾಮಗಾರಿಯ ಛಾಯಾಚಿತ್ರ ದಾಖಲಾದ ಮೇಲೆ ಬರುತ್ತದೆ. ಬ್ಯಾಂಕು ಸಾಲವೂ ಹಾಗೆಯೇ.

ಮೇಲಿನ ಉದಾಹರಣೆಯಲ್ಲಿ ಛಾವಣಿ ಹಾಕುವವರೆಗೆ ವೆಚ್ಚದ ಶೇಕಡಾ 70, ಅಂದರೆ 5,60,000 ರೂಪಾಯಿ ಬೇಕೆಂದಿಟ್ಟುಕೊಳ್ಳೋಣ. ಅಷ್ಟರೊಳಗೆ ಕೈಗೆ ಬಂದಿರುವುದು ಕುಟುಂಬದ 80,000, ಸರ್ಕಾರದ ಮೊದಲ ಕಂತು 1,00,000, ಬ್ಯಾಂಕಿನ ಅರ್ಧ ಸಾಲ 1,50,000, ಅನುದಾನದ ಅರ್ಧ 85,000, ಒಟ್ಟು 4,15,000 ರೂಪಾಯಿ ಎಂದಾದರೆ ಮನೆಯೊಂದಕ್ಕೆ 1,45,000 ರೂಪಾಯಿ ಕೊರತೆ. 40 ಮನೆಗಳನ್ನು ಒಮ್ಮೆಗೇ ಆರಂಭಿಸಿದರೆ ಕೊರತೆ 58 ಲಕ್ಷ ರೂಪಾಯಿ. ಹತ್ತು ಹತ್ತು ಮನೆಗಳಂತೆ ನಾಲ್ಕು ಹಂತಗಳಲ್ಲಿ ಆರಂಭಿಸಿದರೆ ಯಾವ ಕಾಲಕ್ಕೂ ಕೊರತೆ 14.50 ಲಕ್ಷ ರೂಪಾಯಿಯ ಆಸುಪಾಸಿನಲ್ಲಿರುತ್ತದೆ. ಮೊದಲ ಹಂತದ ಬಾಕಿ ಬಂದಂತೆ ಮುಂದಿನ ಹಂತಕ್ಕೆ ದಾರಿಯಾಗುತ್ತದೆ.

ಈ ಕೊರತೆಯನ್ನು ಯೋಜನೆಯು ಮೊದಲೇ ಗುರುತಿಸದಿದ್ದರೆ ಅದನ್ನು ತುಂಬುವವರು ಕುಟುಂಬದವರೇ. ಹಳೆಯ ಗುಡಿಸಲನ್ನು ಕೆಡವಿ, ಬಾಡಿಗೆ ಮನೆಯಲ್ಲಿದ್ದುಕೊಂಡು, ಛಾವಣಿಯಿಲ್ಲದ ಗೋಡೆಗಳನ್ನು ನೋಡುವ ಕುಟುಂಬವು ಕೈಸಾಲಕ್ಕೆ ಹೋಗುತ್ತದೆ. 50,000 ರೂಪಾಯಿಯನ್ನು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ 1,500 ರೂಪಾಯಿ ಬಡ್ಡಿಯೇ ಆಗುತ್ತದೆ. ಅಸಲು ಹಾಗೆಯೇ ಉಳಿಯುತ್ತದೆ. ಬ್ಯಾಂಕಿನ ಕಂತಿಗೆ ಇದನ್ನು ಕೂಡಿಸಿದರೆ ಹೊರೆ 5,465 ರೂಪಾಯಿ, ಆದಾಯದ ಶೇಕಡಾ 36. ಅನುದಾನವು ತಗ್ಗಿಸಿದ ಹೊರೆಯ ಬಹುಭಾಗ ಹೀಗೆ ಹಿಂದಿರುಗಿ ಬಂದಿರುತ್ತದೆ.

ಹಣಕಾಸು ಶಿಕ್ಷಣದಲ್ಲಿ ಏನಿರಬೇಕು?

ಉಳಿತಾಯದ ಮಹತ್ವ ಕುರಿತ ಉಪದೇಶ ಹಣಕಾಸು ಶಿಕ್ಷಣವಲ್ಲ. ಬಡ ಕುಟುಂಬಗಳಿಗೆ ಉಳಿತಾಯದ ಮಹತ್ವ ಇತರರಿಗಿಂತ ಚೆನ್ನಾಗಿ ಗೊತ್ತಿದೆ. ಅವರಿಗೆ ಬೇಕಾಗಿರುವುದು ಲೆಕ್ಕ.

ಬಡ್ಡಿಯ ಭಾಷೆ: ‘ಮೂರು ರೂಪಾಯಿ ಬಡ್ಡಿ’ ಎಂದರೆ ತಿಂಗಳಿಗೆ ಶೇಕಡಾ 3, ವರ್ಷಕ್ಕೆ 36. ಬ್ಯಾಂಕಿನ ‘ಹತ್ತು’ ಎಂಬುದು ವರ್ಷದ ಲೆಕ್ಕ. ಕೇಳುವವರ ಕಿವಿಗೆ ಮೂರು ಚಿಕ್ಕದು, ಹತ್ತು ದೊಡ್ಡದು.

ಸಮದರ ಬಡ್ಡಿ: 1 ಲಕ್ಷ ರೂಪಾಯಿಗೆ ಶೇಕಡಾ 12ರ ಸಮದರದಲ್ಲಿ ಮೂರು ವರ್ಷಕ್ಕೆ ಬಡ್ಡಿ 36,000. ತಿಂಗಳ ಕಂತು 3,778 ರೂಪಾಯಿ. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಇದರ ನಿಜವಾದ ದರ ಸುಮಾರು ಶೇಕಡಾ 21.

ಬದಲಾಗುವ ಬಡ್ಡಿದರ: 2022ರ ಮೇ ತಿಂಗಳಿಂದ 2023ರ ಫೆಬ್ರುವರಿವರೆಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇಕಡಾ 4ರಿಂದ 6.50ಕ್ಕೆ ಏರಿಸಿತು. 3 ಲಕ್ಷ ರೂಪಾಯಿ ಸಾಲದ ದರ 10ರಿಂದ 12.50ಕ್ಕೆ ಏರಿದರೆ ಕಂತು 3,965ರಿಂದ 4,391 ರೂಪಾಯಿಗೆ ಏರುತ್ತದೆ. ದರ ಬದಲಾದಾಗ ಕಂತು ಏರಿಸಿಕೊಳ್ಳುವ, ಅವಧಿ ಹೆಚ್ಚಿಸಿಕೊಳ್ಳುವ ಅಥವಾ ಸ್ಥಿರ ದರಕ್ಕೆ ಹೋಗುವ ಆಯ್ಕೆಯನ್ನು ಸಾಲಗಾರರಿಗೆ ನೀಡುವಂತೆ ರಿಸರ್ವ್ ಬ್ಯಾಂಕು 2023ರ ಆಗಸ್ಟ್ 18ರಂದು ಸೂಚಿಸಿತು. ಈ ಆಯ್ಕೆ ತನಗಿದೆಯೆಂದು ತಿಳಿಯದವರಿಗೆ ಅದು ಇದ್ದೂ ಇಲ್ಲದಂತೆ.

ಸಾಲದ ಮೇಲೆ ಸಾಲ: ಕಿರುಸಾಲದ ಬಗ್ಗೆ 2022ರಲ್ಲಿ ಬಂದ ನಿಯಮದಂತೆ ಕುಟುಂಬದ ಎಲ್ಲ ಸಾಲಗಳ ಮರುಪಾವತಿ ಸೇರಿ ಮಾಸಿಕ ಆದಾಯದ ಶೇಕಡಾ 50 ಮೀರಬಾರದು. ಇದು ಸಾಲ ನೀಡುವವರಿಗೆ ಹಾಕಿದ ಗರಿಷ್ಠ ಮಿತಿಯೇ ಹೊರತು ಕುಟುಂಬಕ್ಕೆ ಹಿತವಾದ ಪ್ರಮಾಣವಲ್ಲ. ವಸೂಲಿಯ ಕಿರುಕುಳದ ಹಿನ್ನೆಲೆಯಲ್ಲಿ ಕರ್ನಾಟಕ ಸರ್ಕಾರವು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತೆಂಬುದನ್ನು ಇಲ್ಲಿ ನೆನೆಯಬಹುದು.

ದುಡಿಯುವವರ ರಕ್ಷಣೆ: ದುಡಿಯುವ ವ್ಯಕ್ತಿ ಅಕಾಲದಲ್ಲಿ ತೀರಿಕೊಂಡರೆ ಮನೆ ಉಳಿಯಬೇಕಾದರೆ ವಿಮೆ ಬೇಕು. 2022ರ ಜೂನ್‌ನಲ್ಲಿ ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆಯ ವಾರ್ಷಿಕ ಕಂತು 436 ರೂಪಾಯಿ, ಸುರಕ್ಷಾ ವಿಮೆಯದು 20 ರೂಪಾಯಿ ಎಂದು ನಿಗದಿಯಾಯಿತು. ಎರಡರಲ್ಲಿಯೂ ರಕ್ಷಣೆ 2 ಲಕ್ಷ ರೂಪಾಯಿ. ವಿಮೆ ಮಾಡಿಸುವುದರ ಜೊತೆಗೆ ನಾಮನಿರ್ದೇಶನ ದಾಖಲಾಗಿದೆಯೇ ಎಂಬುದನ್ನೂ ನೋಡಬೇಕು.

ಈ ಪಾಠಗಳು ಗೃಹಪ್ರವೇಶಕ್ಕೆ ಮುಗಿಯಬಾರದು. ಮೊದಲ ಹನ್ನೆರಡು ಕಂತುಗಳ ಅವಧಿಯೇ ಹೆಚ್ಚು ಸೂಕ್ಷ್ಮ. ಮಕ್ಕಳ ಶಾಲಾ ಶುಲ್ಕ, ಹಬ್ಬ, ಕಾಯಿಲೆ ಎಲ್ಲವೂ ಈ ಒಂದು ವರ್ಷದ ಸುತ್ತಿನಲ್ಲಿ ಒಮ್ಮೆ ಬಂದು ಹೋಗುತ್ತವೆ.

ಲೆಕ್ಕಪತ್ರ ಕ್ರಮ

ನಿರ್ದಿಷ್ಟ ಉದ್ದೇಶಕ್ಕೆ ಬಂದ ಅನುದಾನವನ್ನು ಸಂಸ್ಥೆಯು ಬಂದ ದಿನವೇ ಆದಾಯವೆಂದು ತೋರಿಸುವುದು ಸರಿಯಲ್ಲ. ಅದನ್ನು ನಿರ್ದಿಷ್ಟ ನಿಧಿಯೆಂದು ಆಸ್ತಿ-ಹೊಣೆ ಪಟ್ಟಿಯ ಹೊಣೆಯ ಬದಿಯಲ್ಲಿ ತೋರಿಸಿ, ವೆಚ್ಚವಾದಷ್ಟನ್ನು ಆದಾಯ-ವೆಚ್ಚದ ಲೆಕ್ಕಕ್ಕೆ ತರಬೇಕು. ಮೇಲಿನ ಉದಾಹರಣೆಯಲ್ಲಿ ಮಾರ್ಚ್ 31ರೊಳಗೆ 38.50 ಲಕ್ಷ ರೂಪಾಯಿ ಬಂದು 25 ಲಕ್ಷ ವೆಚ್ಚವಾಗಿದ್ದರೆ ಉಳಿದ 13.50 ಲಕ್ಷ ರೂಪಾಯಿ ಹೊಣೆ. ಕಂಪೆನಿಯೂ ತನ್ನ ಲೆಕ್ಕದಲ್ಲಿ ಆ 13.50 ಲಕ್ಷವನ್ನು ವೆಚ್ಚವೆಂದು ತೋರಿಸುವಂತಿಲ್ಲ. ಎರಡೂ ಪುಸ್ತಕಗಳು ಒಂದಕ್ಕೊಂದು ತಾಳೆಯಾಗಬೇಕು. ಹಣವನ್ನು ವರ್ಷಕ್ಕೊಮ್ಮೆ ಬಿಡುಗಡೆ ಮಾಡದೆ ತ್ರೈಮಾಸಿಕವಾಗಿ, ಕಾಮಗಾರಿಯ ಹಂತಕ್ಕೆ ಅನುಗುಣವಾಗಿ ಬಿಡುಗಡೆ ಮಾಡಿದರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ.

ಯೋಜನೆಗೆ ಪ್ರತ್ಯೇಕ ಬ್ಯಾಂಕು ಖಾತೆ, ಮನೆವಾರು ವೆಚ್ಚದ ಪುಸ್ತಕ, ಸಾಮಗ್ರಿಯ ದಾಸ್ತಾನು ವಹಿ ಇರಬೇಕು. ಒಂದು ದಾನಿಯ ಹಣವನ್ನು ಇನ್ನೊಂದು ಯೋಜನೆಯ ತುರ್ತಿಗೆ ‘ತಾತ್ಕಾಲಿಕವಾಗಿ’ ಬಳಸುವುದು ಸಂಸ್ಥೆಗಳನ್ನು ಮುಳುಗಿಸಿದ ಹಳೆಯ ಚಾಳಿ. ಮೋಸದ ಉದ್ದೇಶವಿಲ್ಲದಿದ್ದರೂ ಹಣ ಬಳಕೆ ಪ್ರಮಾಣಪತ್ರಕ್ಕೆ ಸಹಿ ಹಾಕುವ ದಿನ ಅದಕ್ಕೆ ಸಮರ್ಥನೆ ಇರುವುದಿಲ್ಲ.

ಸದಸ್ಯ ಉದ್ದಿಮೆಗಳು ಕೇಳಬೇಕಾದ ಪ್ರಶ್ನೆಗಳು

1. ನಿವೇಶನದ ಹಕ್ಕುಪತ್ರ ಮತ್ತು ಖಾತಾ ಯಾರ ಹೆಸರಿನಲ್ಲಿವೆ? ಮನೆಯೊಡತಿಯ ಹೆಸರು ಅದರಲ್ಲಿದೆಯೇ?
2. ಕಂತು ಮತ್ತು ಇತರ ಎಲ್ಲ ಸಾಲ ಸೇರಿ ಕುಟುಂಬದ ಆದಾಯದ ಶೇಕಡಾ ಎಷ್ಟಾಗುತ್ತದೆ?
3. ಸರ್ಕಾರದ ಕಂತು ಮೂರು ತಿಂಗಳು ತಡವಾದರೆ ಕೆಲಸ ಮುಂದುವರಿಸಲು ಹಣವೆಲ್ಲಿದೆ?
4. ಹಣಕಾಸು ಶಿಕ್ಷಣಕ್ಕೆ ಪ್ರತ್ಯೇಕ ಬಾಬ್ತು ಮತ್ತು ವ್ಯಕ್ತಿ ಇದ್ದಾರೆಯೇ? ಗೃಹಪ್ರವೇಶದ ನಂತರ ಎಷ್ಟು ತಿಂಗಳು ಅದು ನಡೆಯುತ್ತದೆ?
5. ಫಲಿತಾಂಶವನ್ನು ಹೇಗೆ ಅಳೆಯಲಾಗುತ್ತದೆ?

ಕೊನೆಯ ಪ್ರಶ್ನೆಗೆ ನಡೆಸಿದ ತರಗತಿಗಳ ಸಂಖ್ಯೆ ಉತ್ತರವಲ್ಲ. ಹನ್ನೆರಡು ಕಂತುಗಳನ್ನೂ ಸಕಾಲದಲ್ಲಿ ಕಟ್ಟಿದ ಕುಟುಂಬಗಳೆಷ್ಟು, ಕೈಸಾಲದ ಬಾಕಿ ಎಷ್ಟು ಇಳಿಯಿತು, ವಿಮೆ ಎಷ್ಟು ಜನರಿಗೆ ಆಯಿತು ಎಂಬುವು ಉತ್ತರಗಳು. ವರ್ಷಕ್ಕೆ 10 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಿ.ಎಸ್.ಆರ್. ಹೊಣೆಯುಳ್ಳ ಕಂಪೆನಿಗಳು 1 ಕೋಟಿ ರೂಪಾಯಿ ಅಥವಾ ಹೆಚ್ಚಿನ ಯೋಜನೆಗಳ ಪರಿಣಾಮವನ್ನು ಸ್ವತಂತ್ರವಾಗಿ ಮೌಲ್ಯಮಾಪನ ಮಾಡಿಸಬೇಕೆಂದು 2021ರ ನಿಯಮ ಹೇಳುತ್ತದೆ. ಚಿಕ್ಕ ಕಂಪೆನಿಗಳಿಗೆ ಅಂತಹ ಕಟ್ಟಳೆ ಇಲ್ಲವಾದರೂ ಮೇಲಿನ ಮೂರು ಅಂಕಿಗಳನ್ನು ಕೇಳಲು ದೊಡ್ಡ ವೆಚ್ಚವೇನೂ ಬೇಕಿಲ್ಲ.

ಕೀಲಿಕೈ ಹಸ್ತಾಂತರದ ಸಮಾರಂಭದ ಛಾಯಾಚಿತ್ರವು ಕಂಪೆನಿಯ ವಾರ್ಷಿಕ ವರದಿಯಲ್ಲಿ ಪ್ರಕಟವಾಗುತ್ತದೆ. ಅದಾಗಿ ಒಂದು ವರ್ಷದ ನಂತರ ಆ ನಲವತ್ತು ಮನೆಗಳ ಪಾಸ್‌ಪುಸ್ತಕಗಳನ್ನು ತೆರೆದು ನೋಡುವ ಕೆಲಸವನ್ನೂ ಅನುದಾನದ ಒಪ್ಪಂದದಲ್ಲಿಯೇ ಬರೆದಿಡುವುದು ಉದ್ದಿಮೆಗೂ ಸಂಸ್ಥೆಗೂ ಶ್ರೇಯಸ್ಕರ.